ಬೈಪಾಸ್ ಸರ್ಜರಿ ಮತ್ತು ಸಕ್ಕರೆಯ ಹತೋಟಿ

ಮನೆಯ ಹಿರಿಯರ ಬೈಪಾಸ್ ಸರ್ಜರಿಗೆ ದಿನ ಗೊತ್ತಾಗಿದೆ. ಊರಿನಿಂದ ನೆಂಟರು ಬಂದಿದ್ದಾರೆ, ರಕ್ತ ಕೊಡುವವರೂ ಸಿದ್ಧರಿದ್ದಾರೆ. ಅಷ್ಟರಲ್ಲಿ ವೈದ್ಯರು, “ಸಕ್ಕರೆ ತುಂಬಾ ಹೆಚ್ಚಿದೆ, ಸ್ವಲ್ಪ ಮುಂದೂಡೋಣ” ಎನ್ನುತ್ತಾರೆ. ನಿಮಗೆ ಬೇಸರವಾಗುವುದು ಸಹಜ. ಆದರೆ ಸರ್ಜರಿ ತುರ್ತಿನದಲ್ಲದಿದ್ದರೆ ಆ ಮಾತು ಕೇಳುವುದೇ ಕ್ಷೇಮ.

ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಯ ಮೂಳೆಯನ್ನು ಸೀಳಿ, ಕೊನೆಗೆ ತಂತಿಯಿಂದ ಬಿಗಿಯುತ್ತಾರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿ ಕುಂದುತ್ತದೆ, ಗಾಯ ಬೇಗ ಮಾಯುವುದಿಲ್ಲ. ಸೋಂಕು ಮೂಳೆಯ ಆಳಕ್ಕೆ ಇಳಿದರೆ ಮತ್ತೆ ಎದೆ ತೆರೆಯಬೇಕಾದೀತು. ಜೀವಕ್ಕೂ ಅಪಾಯ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ.

ಈಗ ಮಾತ್ರೆಗಳ ವಿಷಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸರ್ಜರಿಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಸಕ್ಕರೆ ಅಷ್ಟೇನೂ ಏರದೆಯೂ ರಕ್ತ ಆಮ್ಲೀಯವಾಗಿ ರೋಗಿ ಕಂಗೆಡಬಹುದು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ನಾಟಿ ಮದ್ದಿದ್ದರೆ ಅದನ್ನೂ, ವೈದ್ಯರ ಮುಂದಿಡಿ.

ಸರ್ಜರಿಯ ಆಘಾತಕ್ಕೆ ದೇಹ ಸುರಿಸುವ ಹಾರ್ಮೋನುಗಳಿಂದ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಸಕ್ಕರೆ ಏರುತ್ತದೆ. ಹಾಗಾಗಿ ಐಸಿಯುನಲ್ಲಿ ರಕ್ತನಾಳದ ಮೂಲಕ ಇನ್ಸುಲಿನ್ ಹನಿಸುತ್ತಾ, ಆಗಾಗ ಪರೀಕ್ಷಿಸುತ್ತಾ, ಸಾಮಾನ್ಯವಾಗಿ 180 ಮಿ.ಗ್ರಾಂ. ದಾಟದಂತೆ ನೋಡಿಕೊಳ್ಳುತ್ತಾರೆ. “ನೂರಕ್ಕೆ ಯಾಕೆ ಇಳಿಸಲಿಲ್ಲ?” ಎಂದು ಜಗಳಾಡಬೇಡಿ. ಐಸಿಯು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದವರಲ್ಲೇ ಹೆಚ್ಚು ಸಾವುಗಳಾದವು.

ಇನ್ಸುಲಿನ್ ಹಂದಿಯದೆಂಬ ಅಂಜಿಕೆ ಕೆಲವರಿಗೆ ಇನ್ನೂ ಇದೆ. ಹಿಂದೆ ಹಂದಿ, ದನಗಳಿಂದ ತೆಗೆಯುತ್ತಿದ್ದುದು ನಿಜ. ಇಂದಿನ ಹ್ಯೂಮನ್ ಇನ್ಸುಲಿನನ್ನು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಿಸುತ್ತಾರೆ. ಒಮ್ಮೆ ಹಿಡಿದರೆ ಬಿಡುವಂತಿಲ್ಲ ಎಂಬುದೂ ಸರಿಯಲ್ಲ. ಎಷ್ಟೋ ಮಂದಿ ಚೇತರಿಸಿಕೊಂಡ ಮೇಲೆ ಮಾತ್ರೆಗೇ ಮರಳುತ್ತಾರೆ.

ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಆದರೆ ಖರ್ಜೂರ, ಜೇನು, ಜ್ಯೂಸ್ ಒಯ್ದು ನರ್ಸ್ ಕಣ್ಣುತಪ್ಪಿಸಿ ತಿನ್ನಿಸಬೇಡಿ. ಇನ್ಸುಲಿನ್ ಲೆಕ್ಕವೇ ತಪ್ಪುತ್ತದೆ. ಮನೆಗೆ ಬಂದ ಮೇಲೆ ರೋಗಿ ಬೆವರಿ ಮಂಕಾದರೆ ಕೂಡಲೇ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದು ನುಂಗಲು ಶಕ್ತರಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ರಮಝಾನ್ ಹತ್ತಿರವಿದ್ದರೆ ಉಪವಾಸದ ಬಗ್ಗೆ ಡಿಸ್ಚಾರ್ಜ್ ದಿನವೇ ವೈದ್ಯರನ್ನು ಕೇಳಿ. ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನೇ ಕೊಟ್ಟಿದೆ.