ಅದಿರು ತೀರದ ಗಣಿಯಲ್ಲಿ ಆಟದ ಬೇಸರ

ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರೂ ಯೋಧ, ಮಾಂತ್ರಿಕ, ವೈದ್ಯ, ಕಮ್ಮಾರ ಮುಂತಾದ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಸುತ್ತಾ ಹೋಗುವ ಆಟಗಳನ್ನು ಬಹುಜನ ಆನ್‌ಲೈನ್ ಪಾತ್ರಾಟಗಳೆಂದು ಕರೆಯಬಹುದು. ಚದುರಂಗಕ್ಕೆ ಶಹಮಾತು ಇರುವಂತೆ, ಕಬಡ್ಡಿಗೆ ಕೊನೆಯ ಸೀಟಿ ಇರುವಂತೆ ಇವುಗಳಿಗೆ ಒಂದು ಮುಕ್ತಾಯವಿಲ್ಲ. ಆಟಗಾರ ಮಲಗಿದಾಗಲೂ ಆ ಲೋಕ ಸರ್ವರ್ ಎಂಬ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತಲೇ ಇರುತ್ತದೆ, ಮರುದಿನ ಬಂದವನು ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತಾನೆ. ಮುಗಿಯದ ಆಟದಲ್ಲಿ ಮೋಜೂ ಮುಗಿಯದೆ ಉಳಿಯುತ್ತದೆಯೇ ಎಂಬ ಪ್ರಶ್ನೆ ಆದ್ದರಿಂದಲೇ ಹುಟ್ಟುತ್ತದೆ, ಮತ್ತು ಇದಕ್ಕೆ ಉತ್ತರ ಕೊಡಲು ಈಗ ಸಾಕಷ್ಟು ವರ್ಷಗಳ ಅನುಭವ ಶೇಖರವಾಗಿದೆ.

ಈ ಜಾತಿಯ ಆಟಗಳ ಮೂಲರೂಪ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟ. ಅದರಲ್ಲಿ ಚಿತ್ರಗಳೇ ಇರಲಿಲ್ಲ, ಎಲ್ಲವೂ ಅಕ್ಷರ. 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಪ್ರಕಾರವನ್ನು ಜಗತ್ತಿಗೆಲ್ಲ ಪರಿಚಯಿಸಿದವು. ಕೊನೆಯದಕ್ಕೆ 2010ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚಂದಾದಾರರಿದ್ದರು. ಅಲ್ಟಿಮಾವೂ ಎವರ್‌ಕ್ವೆಸ್ಟೂ ಕಾಲು ಶತಮಾನ ದಾಟಿಯೂ ನಿಂತಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಓದುಗರಿಗೆ ಈ ವಿಷಯವನ್ನು ವಿವರಿಸಲು ‘ರೂನ್‌ಸ್ಕೇಪ್’ ಎಂಬ ಬ್ರಿಟಿಷ್ ಆಟಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆಂಡ್ರ್ಯೂ ಗೋವರ್ ಮತ್ತು ಆತನ ಸಹೋದರರು ರೂಪಿಸಿದ ಆ ಆಟ ಸಾರ್ವಜನಿಕರಿಗೆ ತೆರೆದುಕೊಂಡದ್ದು 2001ರ ಜನವರಿಯಲ್ಲಿ. ಚಾಂಪಿಯನ್ ರೀಫ್ಸ್ ಸೇರಿದಂತೆ ಕೆಜಿಎಫ್‌ನ ಗಣಿಗಳು ಮುಚ್ಚಿದ್ದು ಅದೇ ವರ್ಷದ ಫೆಬ್ರುವರಿ 28ರಂದು. ಇದು ಕೇವಲ ಕಾಕತಾಳೀಯ, ಆದರೆ ಅರ್ಥವಿಲ್ಲದ್ದಲ್ಲ. ಏಕೆಂದರೆ ಆ ಆಟದಲ್ಲಿ ಪಾತ್ರವೊಂದು ಕಲಿಯಬಹುದಾದ ಕಸುಬುಗಳಲ್ಲಿ ಗಣಿಗಾರಿಕೆಯೂ ಒಂದು. ಆಟಗಾರ ಪಿಕಾಸಿ ಹಿಡಿದು ತಾಮ್ರ ಮತ್ತು ತವರದ ಬಂಡೆಗಳಿಂದ ಆರಂಭಿಸುತ್ತಾನೆ, ಆಮೇಲೆ ಕಬ್ಬಿಣ, ಕಲ್ಲಿದ್ದಲು. 40ನೆಯ ಲೆವೆಲ್ ತಲುಪಿದ ಮೇಲೆಯೇ ಚಿನ್ನದ ಬಂಡೆಗೆ ಕೈ ಹಾಕಬಹುದು. ಲೆವೆಲ್ ಎಂದರೆ ಪಾತ್ರದ ನೈಪುಣ್ಯದ ಮೆಟ್ಟಿಲು. ಪ್ರತಿ ಅದಿರಿಗೂ ಇಷ್ಟಿಷ್ಟು ಅನುಭವದ ಅಂಕಗಳೆಂದು ಲೆಕ್ಕವಿದ್ದು, ಆಟದ ಹಳೆಯ ಆವೃತ್ತಿಯಲ್ಲಿ ಚಿನ್ನದ ಒಂದು ಅದಿರಿಗೆ 65 ಅಂಕ ಸಿಗುತ್ತದೆ. ಅಲ್ಲಿ ಬಂಡೆ ಬರಿದಾದರೆ ಸುಮಾರು ಒಂದು ನಿಮಿಷ ಕಾದರೆ ಸಾಕು, ಅದೇ ಜಾಗದಲ್ಲಿ ಅದೇ ಚಿನ್ನ ಮತ್ತೆ ತುಂಬಿಕೊಳ್ಳುತ್ತದೆ.

ಚಾಂಪಿಯನ್ ರೀಫ್ಸ್‌ನಲ್ಲಿ ಹಾಗಾಗಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆ ಆರಂಭಿಸಿದಾಗ ಟನ್ನಿಗೆ ಹತ್ತಾರು ಗ್ರಾಂ ಚಿನ್ನ ಕೊಡುತ್ತಿದ್ದ ಬಿಳಿಗಲ್ಲಿನ ಪಟ್ಟೆ ಆಳಕ್ಕೆ ಹೋದಂತೆ ತೆಳುವಾಯಿತು, ಕೊನೆಯ ವರ್ಷಗಳಲ್ಲಿ ಟನ್ನಿಗೆ ಕೆಲವೇ ಗ್ರಾಂ ದಕ್ಕಿತು. ಅಷ್ಟಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ನಿಜವಾದ ಗಣಿಯಲ್ಲಿ ತೀರುವುದು ಅದಿರು. ಆಟದ ಗಣಿಯಲ್ಲಿ ಅದಿರು ಎಂದೂ ತೀರುವುದಿಲ್ಲ, ತೀರುವುದು ಆಡುವವನ ಆಸಕ್ತಿ.

ಆಸಕ್ತಿ ತೀರುವ ಕಾರಣವನ್ನು ‘ಅಲ್ಟಿಮಾ ಆನ್‌ಲೈನ್’ನ ಮುಖ್ಯ ವಿನ್ಯಾಸಕನಾಗಿದ್ದ ರಾಫ್ ಕಾಸ್ಟರ್ ಆಟದ ಮೋಜಿನ ಬಗೆಗೆ ಬರೆದ ಪುಸ್ತಕದಲ್ಲಿ ಸರಳವಾಗಿ ವಿವರಿಸಿದ್ದಾನೆ. ಅವನ ಪ್ರಕಾರ ಆಟದ ಮೋಜು ಕಲಿಕೆಯ ಇನ್ನೊಂದು ಮುಖ. ಮನಸ್ಸು ಒಂದು ವಿನ್ಯಾಸವನ್ನು ಗುರುತಿಸಿ ಅದನ್ನು ಅರಗಿಸಿಕೊಳ್ಳುವ ತನಕ ಖುಷಿಪಡುತ್ತದೆ, ಅರಗಿದ ಮೇಲೆ ಅದೇ ಕೆಲಸ ಬರೀ ಪುನರಾವರ್ತನೆ. ಮೊದಲ ಸಲ ಚಿನ್ನದ ಬಂಡೆ ಎಲ್ಲಿದೆ, ಅಲ್ಲಿಗೆ ದಾರಿ ಯಾವುದು, ದಾರಿಯಲ್ಲಿ ಏನೇನು ಅಪಾಯ ಎಂದು ಹುಡುಕುವಾಗ ಇರುವ ಕುತೂಹಲ ನೂರನೆಯ ಬಂಡೆಯ ಹೊತ್ತಿಗೆ ಇರುವುದಿಲ್ಲ. ಹಾಗೆಂದು ಕಂಪನಿಗಳು ಪ್ರತಿದಿನ ಹೊಸ ದೇಶ, ಹೊಸ ಕಥೆ ಕಟ್ಟಿಕೊಡಲಾರವು. ಹತ್ತಾರು ಜನ ಒಂದು ವರ್ಷ ದುಡಿದು ಮಾಡಿದ್ದನ್ನು ಚುರುಕಾದ ಆಟಗಾರ ಒಂದು ವಾರದಲ್ಲಿ ಮುಗಿಸಿಬಿಡುತ್ತಾನೆ. ಈ ಅಂತರವನ್ನು ತುಂಬಲು ಕಂಡುಕೊಂಡ ಉಪಾಯವೇ ಆಟಗಾರರು ‘ಗ್ರೈಂಡ್’ ಎಂದು ಕರೆಯುವ ಏಕತಾನದ ದುಡಿಮೆ.

ಅದರ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ರೂನ್‌ಸ್ಕೇಪ್‌ನಲ್ಲಿ ಒಂದು ಕಸುಬಿನ 99ನೆಯ ಲೆವೆಲ್ ತಲುಪಲು 1,30,34,431 ಅಂಕಗಳು ಬೇಕು. 92ನೆಯ ಲೆವೆಲ್ ತಲುಪಿದವನು ಗುರಿ ಹತ್ತಿರವಾಯಿತೆಂದು ನೆಮ್ಮದಿಯ ಉಸಿರು ಬಿಟ್ಟರೆ ಅದು ತಪ್ಪು, ಆ ಹೊತ್ತಿಗೆ ಅವನು ಗಳಿಸಿರುವುದು ಸರಿಸುಮಾರು ಅರ್ಧ ಮಾತ್ರ; ಏಕೆಂದರೆ ಪ್ರತಿ ಏಳು ಲೆವೆಲ್‌ಗೆ ಬೇಕಾದ ಶ್ರಮ ಇಮ್ಮಡಿಯಾಗುವಂತೆ ಮೆಟ್ಟಿಲುಗಳನ್ನು ಕಟ್ಟಲಾಗಿದೆ. ಚಿನ್ನದ ಅದಿರೊಂದರಿಂದಲೇ ಈ ಅಂಕಗಳನ್ನೆಲ್ಲ ಗಳಿಸುವುದೆಂದಿಟ್ಟುಕೊಂಡರೂ ಎರಡು ಲಕ್ಷಕ್ಕೂ ಹೆಚ್ಚು ಬಾರಿ ಅಗೆಯಬೇಕು. ಮೊದಲ ಕೆಲವು ಲೆವೆಲ್‌ಗಳು ನಿಮಿಷಗಳಲ್ಲಿ ಬರುತ್ತವೆ, ಕೊನೆಯದಕ್ಕೆ ದಿನಗಳೇ ಬೇಕು. ಶ್ರಮಕ್ಕೆ ಸಿಗುವ ಸಂತೋಷದ ಪ್ರಮಾಣ ಹೀಗೆ ಹಂತಹಂತವಾಗಿ ಇಳಿಯುವುದನ್ನು ವಿನ್ಯಾಸಕರು ಮುಂಚೆಯೇ ಲೆಕ್ಕ ಹಾಕಿಟ್ಟಿರುತ್ತಾರೆ.

ಆದರೂ ಜನ ಬಿಡುವುದಿಲ್ಲವೇಕೆ? ಇದಕ್ಕೆ ಮನಶ್ಶಾಸ್ತ್ರದ ಎರಡು ವಿಚಾರಗಳು ನೆರವಾಗುತ್ತವೆ. ಬಹುಮಾನ ಯಾವಾಗ ಬರುತ್ತದೆಂದು ತಿಳಿಯದಿದ್ದಾಗ ಪ್ರಾಣಿಗಳು ಹೆಚ್ಚು ಹಟದಿಂದ ಅದೇ ಕೆಲಸವನ್ನು ಮಾಡುತ್ತವೆ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದ. ಅಪರೂಪದ ಆಯುಧವೊಂದು ಸಾವಿರದಲ್ಲಿ ಒಂದು ಸಲ ಸಿಗುವಂತೆ ಆಟವನ್ನು ರಚಿಸುವುದು ಆ ತತ್ತ್ವದ ಮೇಲೆಯೇ. ಇನ್ನೊಂದು, ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರ್ರಿ ರಾಬಿನ್ಸನ್ ಮಿದುಳಿನ ಅಧ್ಯಯನದಿಂದ ಕಂಡುಕೊಂಡ ಭೇದ: ಒಂದು ವಸ್ತು ಬೇಕೆನಿಸುವುದು ಬೇರೆ, ಅದು ಹಿತವೆನಿಸುವುದು ಬೇರೆ, ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ. ಆದ್ದರಿಂದ ಹಿತ ಮಾಯವಾದ ಮೇಲೂ ಹಂಬಲ ಉಳಿಯಬಲ್ಲದು. ಹತ್ತು ವರ್ಷ ಆಡುತ್ತಿದ್ದಾನೆ ಎಂಬುದು ಹತ್ತು ವರ್ಷ ಖುಷಿಯಾಗಿದ್ದಾನೆ ಎಂಬುದಕ್ಕೆ ಸಾಕ್ಷಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳನ್ನು ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಅದನ್ನು ಗೀಳೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ. ಬಹುಪಾಲು ಆಟಗಾರರು ಆ ಹಂತಕ್ಕೆ ಹೋಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು, ಪಾಲಕರು ಪ್ರತಿಯೊಬ್ಬ ಆಟಗಾರನನ್ನೂ ರೋಗಿಯಂತೆ ಕಾಣುವುದು ಅನ್ಯಾಯ.

ಅಗೆಯುವುದು ಒಂದು ಕಡೆ ಕೂಲಿ, ಇನ್ನೊಂದು ಕಡೆ ಆಟ. ಎರಡನ್ನೂ ಬೇರ್ಪಡಿಸುವ ಗೆರೆ ಕೈಗೆ ಆಗುವ ನೋವಿನದಷ್ಟೇ ಅಲ್ಲ. ಡಚ್ ಇತಿಹಾಸಕಾರ ಯೋಹಾನ್ ಹುಯಿಜಿಂಗ 1938ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಟದ ಮೊದಲ ಲಕ್ಷಣವೇ ಸ್ವಇಚ್ಛೆ ಎಂದ. ಬಲವಂತದ ಆಟ ಆಟವಲ್ಲ. ಗಣಿಯ ಕೇಜಿನಲ್ಲಿ, ಅಂದರೆ ಕಾರ್ಮಿಕರನ್ನು ಶಾಫ್ಟಿನೊಳಕ್ಕೆ ಇಳಿಸುವ ಕಬ್ಬಿಣದ ತೊಟ್ಟಿಲಲ್ಲಿ, ಶಿಫ್ಟಿಗೆ ಇಳಿದವನಿಗೆ ಸಾಕೆನಿಸಿದಾಗ ಮೇಲೆ ಬರುವ ಸ್ವಾತಂತ್ರ್ಯವಿರಲಿಲ್ಲ. ಅದರ ಜೊತೆಗೆ ರಾಕ್ ಬರ್ಸ್ಟ್, ಅಂದರೆ ಒತ್ತಡ ತಾಳಲಾರದೆ ಬಂಡೆ ಸಿಡಿಯುವ ಭಯ ಬೇರೆ. ಆಟದಲ್ಲಿಯೂ ಈ ಸ್ವಾತಂತ್ರ್ಯ ಹೋದಾಗ ಏನಾಗುತ್ತದೆ ಎಂಬುದಕ್ಕೆ ವೆನೆಜುವೆಲಾ ದೇಶ ನಿದರ್ಶನ. ಅಲ್ಲಿಯ ಹಣಕ್ಕೆ ಬೆಲೆಯೇ ಇಲ್ಲದಂತಾದ ವರ್ಷಗಳಲ್ಲಿ ಹಲವರು ರೂನ್‌ಸ್ಕೇಪ್‌ನ ಹಳೆಯ ಆವೃತ್ತಿಯಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಬಂದ ಆಟದ ಚಿನ್ನವನ್ನು ಪರದೇಶದ ಆಟಗಾರರಿಗೆ ನಿಜವಾದ ಹಣಕ್ಕೆ ಮಾರಿ ಹೊಟ್ಟೆ ಹೊರೆದರು. ಅದೇ ಡ್ರ್ಯಾಗನ್, ಅದೇ ಬಯಲು. ಒಬ್ಬನಿಗೆ ಅದು ಸಂಜೆಯ ವಿನೋದ, ಇನ್ನೊಬ್ಬನಿಗೆ ದಿನಗೂಲಿ. ಆಟಗಳು ಪ್ರತಿದಿನ ಹಾಜರಿ ಹಾಕಿದರೆ ಮಾತ್ರ ಸಿಗುವ ಬಹುಮಾನಗಳನ್ನು ಇಟ್ಟು ಆಟಗಾರನನ್ನು ಕಟ್ಟಿಹಾಕುವುದು ಇದರದೇ ಸೌಮ್ಯ ರೂಪ, ಮತ್ತು ಮೋಜನ್ನು ಕೊಲ್ಲುವುದರಲ್ಲಿ ಇದಕ್ಕಿಂತ ಖಚಿತವಾದ ವಿಧಾನವಿಲ್ಲ.

ಇಷ್ಟು ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ರಿಚರ್ಡ್ ಬಾರ್ಟಲ್ 1996ರ ಪ್ರಬಂಧವೊಂದರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಬೆರೆಯುವವರು, ಕಾಡುವವರು ಎಂದು ನಾಲ್ಕು ಬಗೆಯಾಗಿ ಗುರುತಿಸಿದ್ದ. ಲೆವೆಲ್ ಏರುವುದರಲ್ಲಿಯೇ ಸುಖ ಕಾಣುವ ಸಾಧಕನ ಸುಖ ಲೆವೆಲ್‌ಗಳ ಜೊತೆಗೇ ಮುಗಿಯುತ್ತದೆ, ನಕ್ಷೆಯ ಮೂಲೆಮೂಲೆ ನೋಡಿದ ಮೇಲೆ ಅನ್ವೇಷಕನಿಗೂ ಕೆಲಸವಿಲ್ಲ. ಬೆರೆಯುವವನ ಕಥೆ ಬೇರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಆರಂಭದ ವರ್ಷಗಳಲ್ಲಿ ದೊಡ್ಡ ದಾಳಿಯೊಂದಕ್ಕೆ 40 ಜನ ಒಂದೇ ಹೊತ್ತಿಗೆ ಸೇರಬೇಕಾಗಿತ್ತು. ಯಾರು ಪೆಟ್ಟು ತಾಳಿಕೊಳ್ಳಬೇಕು, ಯಾರು ಗಾಯ ಮಾಯಿಸಬೇಕು ಎಂದು ಹಂಚಿಕೊಂಡು ವಾರವಾರವೂ ಅದೇ ಗುಹೆಗೆ ಅದೇ ರಾಕ್ಷಸನನ್ನು ಎದುರಿಸಲು ಹೋಗುತ್ತಿದ್ದ ಈ ಗುಂಪುಗಳಿಗೆ ಗಿಲ್ಡ್ ಎಂದು ಹೆಸರು. ರಾಕ್ಷಸ ಮೂರನೆಯ ವಾರಕ್ಕೇ ಹಳಬನಾಗುತ್ತಿದ್ದ, ಸಂಗಾತಿಗಳು ಹಳಬರಾದಷ್ಟೂ ಹತ್ತಿರವಾಗುತ್ತಿದ್ದರು.

ಈ ನಂಟಿಗೊಂದು ನಿದರ್ಶನವಿದೆ. ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆಯಿಂದ ಬಳಲಿ 2014ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಒಂಟಿಯಾಗಿಯೇ ಬದುಕಿದನೆಂದು ತಂದೆತಾಯಿ ಸಂಕಟಪಟ್ಟಿದ್ದರು. ಸಾವಿನ ಸುದ್ದಿ ತಿಳಿಯುತ್ತಲೇ ಅವರು ಕಂಡೇ ಇರದ ಜನರಿಂದ ಸಂತಾಪದ ಪತ್ರಗಳು ಬರತೊಡಗಿದವು, ಅಂತ್ಯಕ್ರಿಯೆಗೆ ಕೆಲವರು ಬೇರೆ ದೇಶಗಳಿಂದ ಬಂದರು. ಅವರೆಲ್ಲ ವಾರ್‌ಕ್ರಾಫ್ಟ್‌ನ ‘ಸ್ಟಾರ್‌ಲೈಟ್’ ಗಿಲ್ಡಿನವರು. ಅಲ್ಲಿ ಮಾಟ್ಸ್ ‘ಇಬೆಲಿನ್’ ಎಂಬ ಹೆಸರಿನ ಪಾತ್ರವಾಗಿ ವರ್ಷಗಟ್ಟಲೆ ಅವರ ಕಷ್ಟಸುಖ ಕೇಳಿದ್ದ. ಈತನ ಬದುಕನ್ನು ಕುರಿತ ಸಾಕ್ಷ್ಯಚಿತ್ರ 2024ರಲ್ಲಿ ಬಿಡುಗಡೆಯಾಯಿತು.

ಪಾತ್ರ ವಹಿಸಿ ಮಾತು ಕಟ್ಟುವ ಕಲೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತ ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನೋ ಕರ್ಣನೋ ಆಗಿ ಆ ಕ್ಷಣಕ್ಕೆ ಹೊಳೆದ ಮಾತಿನಿಂದ ವಾದಿಸುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತು, ಕೊನೆಯೂ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಗೆ ಜನ ಮತ್ತೆ ಮತ್ತೆ ಸೇರುತ್ತಿದ್ದುದು ಎದುರಾಳಿ ಇಂದು ಏನು ಕೇಳುತ್ತಾನೆ, ಇವರು ಏನು ಉತ್ತರಿಸುತ್ತಾರೆ ಎಂಬುದು ಯಾರಿಗೂ ಗೊತ್ತಿರದಿದ್ದ ಕಾರಣಕ್ಕೆ. ಆನ್‌ಲೈನ್ ಪಾತ್ರಾಟದ ದೀರ್ಘಾಯುಷ್ಯದ ಗುಟ್ಟೂ ಇಲ್ಲಿದೆ: ಕಂಪನಿ ಬರೆದಿಟ್ಟ ಭಾಗ ಬೇಗ ಹಳಸುತ್ತದೆ, ಆಡುವವರು ಪರಸ್ಪರ ಕಟ್ಟಿಕೊಳ್ಳುವ ಭಾಗ ಜೊತೆಗಾರರು ಇರುವಷ್ಟು ಕಾಲ ಉಳಿಯುತ್ತದೆ.

ಚಾಂಪಿಯನ್ ರೀಫ್ಸ್ ಇದನ್ನು ಬೇರೊಂದು ರೀತಿಯಲ್ಲಿ ಕಂಡಿರುವ ಊರು. ಚಿನ್ನಕ್ಕಾಗಿಯೇ ಹುಟ್ಟಿದ ಊರಿನಲ್ಲಿ ಚಿನ್ನದ ಕೆಲಸ ನಿಂತು ಸಾವಿರಾರು ಮಂದಿ ಉದ್ಯೋಗ ಕಳೆದುಕೊಂಡರೂ, ತಮಿಳು, ತೆಲುಗು, ಕನ್ನಡ, ಉರ್ದು ಆಡುವ ಅನೇಕ ಕುಟುಂಬಗಳು ಗಣಿ ಕಂಪನಿ ಕಟ್ಟಿದ ಲೈನ್‌ಮನೆಗಳನ್ನು ಬಿಟ್ಟು ಹೋಗಲಿಲ್ಲ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ದಿನವೂ ದುಡಿಯಲು ಹೋಗಿ ರಾತ್ರಿ ಅದೇ ಊರಿಗೆ ಮರಳುವವರು ಅಸಂಖ್ಯ. ಹಳೆಯ ರೂನ್‌ಸ್ಕೇಪ್ 2018ರ ಅಕ್ಟೋಬರಿನಿಂದ ಮೊಬೈಲಿಗೂ ಬಂದಿರುವುದರಿಂದ, ಆ ರೈಲಿನಲ್ಲಿ ಕುಳಿತ ಯುವಕನೊಬ್ಬ ಬೇಕಾದರೆ ಅಲ್ಲಿಯೇ ಚಿನ್ನ ಅಗೆಯಬಹುದು.

ಈ ಹಳೆಯ ರೂನ್‌ಸ್ಕೇಪ್‌ನ ಚರಿತ್ರೆ ಸ್ವತಃ ಬೋಧಪ್ರದ. 2012ರ ನವೆಂಬರಿನಲ್ಲಿ ಕಂಪನಿ ಆಟದ ಕಾದಾಟದ ಕ್ರಮವನ್ನೇ ಬದಲಿಸಿದಾಗ ಹಳಬರು ಸಿಟ್ಟಾಗಿ ದೂರ ಸರಿದರು. ಕಂಪನಿ 2007ರ ಆಗಸ್ಟಿನಲ್ಲಿ ಕಾಪಿಟ್ಟಿದ್ದ ಪ್ರತಿಯೊಂದನ್ನು ಹೊರತೆಗೆದು, ಆಟಗಾರರ ಮತ ಕೇಳಿ, 2013ರ ಫೆಬ್ರುವರಿಯಲ್ಲಿ ಅದನ್ನು ಪ್ರತ್ಯೇಕ ಆಟವಾಗಿ ತೆರೆಯಿತು. ಅಲ್ಲಿಂದ ಮುಂದೆ ದೊಡ್ಡ ಬದಲಾವಣೆಗಳನ್ನೆಲ್ಲ ಮತಕ್ಕೆ ಹಾಕುವ ಪದ್ಧತಿ ಬಂದಿತು. ಮೊದಲು ಶೇಕಡಾ 75, ಆಮೇಲೆ ಶೇಕಡಾ 70ರಷ್ಟು ಒಪ್ಪಿಗೆ ಸಿಕ್ಕಿದರೆ ಮಾತ್ರ ಅದು ಜಾರಿಯಾಗುತ್ತದೆ. ವಾರ್‌ಕ್ರಾಫ್ಟ್ ಕೂಡ 2019ರ ಆಗಸ್ಟಿನಲ್ಲಿ ತನ್ನ ಹಳೆಯ ರೂಪವನ್ನು ಮತ್ತೆ ತೆರೆಯಿತು. ಹಾಗೆ ಹಿಂದಿರುಗಿದವರಿಗೆಲ್ಲ ಹಳೆಯ ಮೋಜು ಪೂರ್ತಿ ಸಿಗಲಾರದು. ಅದೇ ಕಾಡು, ಅದೇ ಸಂಗೀತ ಇದ್ದರೂ ಅಂದು ಜೊತೆಯಲ್ಲಿದ್ದವರು ಇಲ್ಲದಿರಬಹುದು, ದಾರಿಗಳೆಲ್ಲ ಮೊದಲೇ ಗೊತ್ತಿರುತ್ತವೆ.

ಆಟಗಾರರು ಕಟ್ಟಿದ್ದನ್ನು ಕಂಪನಿಯೇ ಕೆಡವಿದ ಪ್ರಸಂಗವೂ ಉಂಟು. ರಾಫ್ ಕಾಸ್ಟರ್ ರೂಪಿಸಿದ್ದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ನಲ್ಲಿ ನರ್ತಕರು, ಅಂಗಡಿಕಾರರು, ಆಟಗಾರರೇ ಕಟ್ಟಿದ ಊರುಗಳು ಇದ್ದವು; 2005ರ ನವೆಂಬರಿನಲ್ಲಿ, ಆ ಹೊತ್ತಿಗೆ ಕಾಸ್ಟರ್ ಯೋಜನೆಯಿಂದ ಸರಿದಾಗಿತ್ತು, ಮೂವತ್ತಕ್ಕೂ ಮೀರಿದ ಕಸುಬುಗಳನ್ನು ಒಂಬತ್ತಕ್ಕೆ ಇಳಿಸಿ ಆಟವನ್ನು ಸುಲಭಗೊಳಿಸಿದಾಗ ಆ ಸಮಾಜ ಚದುರಿಹೋಯಿತು, 2011ರ ಡಿಸೆಂಬರಿನಲ್ಲಿ ಆಟವೂ ಮುಚ್ಚಿತು. ‘ಸಿಟಿ ಆಫ್ ಹೀರೋಸ್’ ಎಂಬ ಇನ್ನೊಂದು ಆಟದ ಗತಿ ಬೇರೆಯಾಯಿತು. 2012ರ ನವೆಂಬರ್ 30ರಂದು ಕಂಪನಿ ಅದನ್ನು ಮುಚ್ಚಿದ ಮೇಲೆ ಕೆಲವು ಆಟಗಾರರು ಗುಟ್ಟಾಗಿ ತಮ್ಮದೇ ಸರ್ವರಿನಲ್ಲಿ ಅದನ್ನು ಜೀವಂತವಾಗಿಟ್ಟುಕೊಂಡಿದ್ದರು. 2019ರಲ್ಲಿ ಗುಟ್ಟು ಬಯಲಾಗಿ ಇನ್ನಷ್ಟು ಗುಂಪುಗಳು ಆ ಕೆಲಸಕ್ಕೆ ಕೈಹಾಕಿದವು, 2024ರ ಜನವರಿಯಲ್ಲಿ ‘ಹೋಮ್‌ಕಮಿಂಗ್’ ಎಂಬ ಸ್ವಯಂಸೇವಕರ ಗುಂಪಿಗೆ ಮೂಲ ಕಂಪನಿಯೇ ಅಧಿಕೃತ ಪರವಾನಗಿ ಕೊಟ್ಟಿತು. ಆಟಗಾರರ ದೇಣಿಗೆಯಿಂದ ಅದು ಇಂದಿಗೂ ನಡೆಯುತ್ತಿದೆ.