ಕಿವಿ ಮೆಷಿನ್ ಯಾರಿಗೆ ಒಗ್ಗುತ್ತದೆ?

ಒಂದೇ ಬೆಲೆಯ ಶ್ರವಣ ಸಾಧನವನ್ನು ಒಬ್ಬರು ಬೆಳಗಿನಿಂದ ರಾತ್ರಿಯವರೆಗೆ ಹಾಕಿಕೊಂಡಿರುತ್ತಾರೆ. ಇನ್ನೊಬ್ಬರು ವಾರದಲ್ಲೇ ಬೀರುವಿಗೆ ಸೇರಿಸುತ್ತಾರೆ. ಅವರನ್ನು ಹಟಮಾರಿ ಎಂದು ಮನೆಯವರು ಬೈಯುವುದುಂಟು. ಬೈಯುವ ಮುನ್ನ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ನೋಡಬೇಕು.

ಒಳಗಿವಿಯ ಕಾಕ್ಲಿಯಾ ಸುರುಳಿಯಲ್ಲಿ ಎರಡು ಬಗೆಯ ರೋಮಕೋಶಗಳಿವೆ. ಹೊರಸಾಲಿನ ಸುಮಾರು 12,000 ಕೋಶಗಳು ಮೆಲುದನಿಯನ್ನು ಹಿಗ್ಗಿಸಿ ಸ್ಪಷ್ಟಗೊಳಿಸುತ್ತವೆ. ಒಳಸಾಲಿನ ಸುಮಾರು 3,500 ಕೋಶಗಳು ಅದನ್ನು ನರಕ್ಕೆ ದಾಟಿಸುತ್ತವೆ. ವಯಸ್ಸು, ಗದ್ದಲಗಳ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು ಹೊರಸಾಲಿಗೆ, ಅದರಲ್ಲೂ ಕೀಚು ದನಿಗಳನ್ನು ಹಿಡಿಯುವ ಭಾಗಕ್ಕೆ. ಆಗ ‘ಆ’ಕಾರ ಕೇಳುತ್ತದೆ, ಅದರ ಹಿಂದಿನ ವ್ಯಂಜನ ಜಾರಿಹೋಗುತ್ತದೆ. ಸಾಲು, ಕಾಲು, ಪಾಲುಗಳ ವ್ಯತ್ಯಾಸ ತಿಳಿಯುವುದಿಲ್ಲ.

ದೋಷ 30 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ, ಅಂದರೆ ಅದಕ್ಕಿಂತ ಮೆಲ್ಲನೆಯ ಸದ್ದಷ್ಟೇ ಕೇಳದಿದ್ದರೆ, ಮನೆಯೊಳಗಿನ ಮಾತಿಗೆ ಅಷ್ಟಾಗಿ ತೊಂದರೆಯಿಲ್ಲ. ಕಷ್ಟವಾಗುವುದು ಮದುವೆ ಛತ್ರದಲ್ಲಿ. ಅಲ್ಲಿ ಮೆಷಿನ್ ಗದ್ದಲವನ್ನೂ ಎತ್ತಿಕೊಡುತ್ತದೆ. ಕಿವಿ ಮುಚ್ಚಿದಂತಾಗಿ ತಮ್ಮ ದನಿಯೇ ಗುಂಯ್‌ಗುಡುತ್ತದೆ. ಲಾಭ ಕಡಿಮೆ, ಕಿರಿಕಿರಿ ಹೆಚ್ಚು. 50 ಡೆಸಿಬೆಲ್ ದೋಷದವರ ಮಾತೇ ಬೇರೆ. ಸಾಮಾನ್ಯ ಮಾತಿನ ಗಟ್ಟಿತನ ಸುಮಾರು 60 ಡೆಸಿಬೆಲ್. ಮೆಷಿನ್ ಇಲ್ಲದೆ ಅದರೊಳಗಿನ ಮೆಲು ವ್ಯಂಜನಗಳು ಅವರನ್ನು ತಲುಪುವುದೇ ಇಲ್ಲ. ಹೊರಸಾಲಿನ ಕೆಲಸವನ್ನು ಮೆಷಿನ್ ತಕ್ಕಮಟ್ಟಿಗೆ ಮಾಡಬಲ್ಲದು. ಸಾಧನವನ್ನು ಮನಸಾರೆ ಮೆಚ್ಚುವವರು ಹೆಚ್ಚಾಗಿ ಇಂಥವರೇ.

ತೀವ್ರ ದೋಷದವರಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. 80 ಡೆಸಿಬೆಲ್‌ಗಿಂತ ಕೆಳಗಿನದು ಕೇಳದು, ಆದರೆ 100 ದಾಟಿದರೆ ಎಲ್ಲರಂತೆ ಅವರಿಗೂ ಹಿಂಸೆ. “ಜೋರಾಗಿ ಹೇಳು” ಎಂದವರೇ ಮರುಕ್ಷಣ “ಯಾಕೆ ಕಿರುಚ್ತೀಯಾ” ಎನ್ನುವುದು ಇದಕ್ಕೇ. ಜಗತ್ತಿನ ಸದ್ದನ್ನೆಲ್ಲ ಮೆಷಿನ್ ಆ ಇಕ್ಕಟ್ಟಿನೊಳಗೆ ಅದುಮಬೇಕು. ಒಳಸಾಲೇ ಸತ್ತಿದ್ದರೆ ಎಷ್ಟು ಹಿಗ್ಗಿಸಿದರೂ ಸದ್ದು ಬರುತ್ತದೆ, ಮಾತು ಬರುವುದಿಲ್ಲ.

ಹಾಗಾಗಿ ಬರೀ ‘ಪೀಂ’ ಸದ್ದಿನ ಪರೀಕ್ಷೆ ಸಾಲದು, ಪದಗಳನ್ನು ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದಕ್ಕೆಂದೇ ಕನ್ನಡ ಪದಪಟ್ಟಿಗಳನ್ನು ರೂಪಿಸಿದೆ. ಒಳ್ಳೆಯ ಮೆಷಿನ್ ಹಾಕಿಯೂ ಪದಗಳು ತಿಳಿಯದಿದ್ದರೆ ಇನ್ನೂ ದುಬಾರಿ ಮೆಷಿನ್ ಕೊಳ್ಳುವುದು ವ್ಯರ್ಥ. ಕಾಕ್ಲಿಯರ್ ಇಂಪ್ಲಾಂಟ್ ವಿಚಾರಿಸಬೇಕು. ಅದು ರೋಮಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ವಿದ್ಯುತ್ತಿನಿಂದ ಮುಟ್ಟುತ್ತದೆ. ಮೊದಮೊದಲು ಯಂತ್ರದ ದನಿಯಂತೆ ಕೇಳಿದರೂ, ತಿಂಗಳುಗಟ್ಟಲೆ ಅಭ್ಯಾಸದ ನಂತರ ಫೋನಿನಲ್ಲಿ ಮಾತಾಡುವಷ್ಟು ಚೇತರಿಸಿಕೊಂಡವರಿದ್ದಾರೆ.