ವಿಶ್ವವಿದ್ಯಾನಿಲಯದ ಆವರಣ ಮತ್ತು ಪ್ರಕೃತಿ ವಿಕೋಪ: ಮುನ್ಸಿದ್ಧತೆಯ ಅಗತ್ಯ

ಪ್ರಕೃತಿ ವಿಕೋಪವು ಗಳಿಗೆ ನೋಡಿ ಬರುವುದಿಲ್ಲ. ಮಹಾರಾಷ್ಟ್ರದ ಕಿಲ್ಲಾರಿ ಪ್ರದೇಶದಲ್ಲಿ 1993ರ ಸೆಪ್ಟೆಂಬರ್ 30ರಂದು ಭೂಮಿ ಕಂಪಿಸಿದಾಗ ಬೆಳಗಿನ ಜಾವ 4 ಗಂಟೆಯೂ ಆಗಿರಲಿಲ್ಲ, ಜನರು ನಿದ್ರೆಯಲ್ಲಿದ್ದರು. ಗುಜರಾತಿನ ಭುಜ್ ಭೂಕಂಪವು 2001ರ ಜನವರಿ 26ರಂದು, ಗಣರಾಜ್ಯೋತ್ಸವದ ರಜೆಯ ಬೆಳಿಗ್ಗೆ ಸಂಭವಿಸಿತು. ಮುಂಬಯಿಯಲ್ಲಿ 2005ರ ಜುಲೈ 26ರ ಮಹಾಮಳೆಯು ಕೆಲಸದ ದಿನದ ಮಧ್ಯಾಹ್ನ ಜನರನ್ನು ಹಿಡಿದು ನಿಲ್ಲಿಸಿತು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು.

ವಿಶ್ವವಿದ್ಯಾನಿಲಯಕ್ಕೆ ಈ ಮೂರು ವೇಳೆಗಳು ಮೂರು ಬಗೆಯ ಪರೀಕ್ಷೆಗಳು. ಬೆಳಗಿನ ಜಾವ ವಿದ್ಯಾರ್ಥಿನಿಲಯಗಳಲ್ಲಿ ನೂರಾರು ಮಂದಿ ಮಲಗಿರುತ್ತಾರೆ. ರಜಾದಿನದಲ್ಲಿ ಅಧಿಕಾರಿಗಳು ಆವರಣದಲ್ಲಿ ಇರುವುದಿಲ್ಲ. ಮಧ್ಯಾಹ್ನ ತರಗತಿ, ಪ್ರಯೋಗಾಲಯ ಹಾಗೂ ಗ್ರಂಥಾಲಯಗಳು ತುಂಬಿರುತ್ತವೆ. ಇದಲ್ಲದೆ, ಇಲ್ಲಿನ ನಿವಾಸಿಗಳು ಪ್ರತಿವರ್ಷವೂ ಬದಲಾಗುತ್ತಾರೆ. ಕಳೆದ ವರ್ಷ ತರಬೇತಿ ಪಡೆದವರು ಪದವಿ ಪಡೆದು ಹೊರಟುಹೋಗಿರುತ್ತಾರೆ. ಹೊಸಬರಿಗೆ ಹೊರಹೋಗುವ ದಾರಿಯೂ ತಿಳಿದಿರುವುದಿಲ್ಲ. ಆದುದರಿಂದ ಇಲ್ಲಿ ಮುನ್ಸಿದ್ಧತೆಯು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಪ್ರತಿವರ್ಷ ಹೊಸದಾಗಿ ಕೈಗೊಳ್ಳಬೇಕಾದ ಕರ್ತವ್ಯ.

ಅಪಾಯಗಳ ಅರಿವು

ಸ್ಥಳೀಯ ಅಪಾಯಗಳನ್ನು ಗುರುತಿಸುವುದು ಮೊದಲನೆಯ ಕಾರ್ಯ. ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಪ್ರಕಟಿಸಿದ ಭೂಕಂಪ ವಲಯಗಳ ನಕ್ಷೆಯು ದೆಹಲಿಯನ್ನು ನಾಲ್ಕನೆಯ ವಲಯದಲ್ಲಿಯೂ, ಮುಂಬಯಿ, ಪುಣೆ ಮತ್ತು ಚೆನ್ನೈಗಳನ್ನು ಮೂರನೆಯ ವಲಯದಲ್ಲಿಯೂ, ಹೈದರಾಬಾದನ್ನು ಎರಡನೆಯ ವಲಯದಲ್ಲಿಯೂ ಸೇರಿಸಿತ್ತು. ಆದರೆ ಭೂಕಂಪದ ಭಯ ಕಡಿಮೆಯೆಂದ ಮಾತ್ರಕ್ಕೆ ನಿಶ್ಚಿಂತರಾಗಿರುವಂತಿಲ್ಲ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದು ಭೀಕರ ನೆರೆಗೆ ತುತ್ತಾಯಿತು. ಚೆನ್ನೈ ನಗರವು 2015ರ ಡಿಸೆಂಬರ್‌ನಲ್ಲಿ ನೆರೆಯನ್ನೂ, ಮರುವರ್ಷ ಅದೇ ತಿಂಗಳಿನಲ್ಲಿ ಸಾವಿರಾರು ಮರಗಳನ್ನು ಉರುಳಿಸಿದ ವರ್ದಾ ಚಂಡಮಾರುತವನ್ನೂ ಕಂಡಿತು.

ಕಟ್ಟಡ ಮತ್ತು ಸಾಮಗ್ರಿ

ಹಳೆಯ ಕಟ್ಟಡಗಳನ್ನು ತಜ್ಞ ಎಂಜಿನಿಯರುಗಳಿಂದ ಪರಿಶೀಲಿಸಿ ಬಲಪಡಿಸಬೇಕು. ವಾಹನ ನಿಲುಗಡೆಗಾಗಿ ಕೆಳಅಂತಸ್ತನ್ನು ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳ ಬಗ್ಗೆ ವಿಶೇಷ ಗಮನ ಅಗತ್ಯ. 2001ರಲ್ಲಿ ಅಹಮದಾಬಾದಿನಲ್ಲಿ ಇಂತಹ ಹಲವು ಬಹುಮಹಡಿ ಕಟ್ಟಡಗಳು ಕುಸಿದವು. ಪುಸ್ತಕದ ಬೀರುಗಳನ್ನು ಗೋಡೆಗೆ ಬಿಗಿಯುವುದು, ಅನಿಲದ ಸಿಲಿಂಡರುಗಳನ್ನು ಸರಪಳಿಯಿಂದ ಕಟ್ಟುವುದು ಅಲ್ಪ ವೆಚ್ಚದ ಕೆಲಸಗಳು. ನೀರು ತಗುಲಿದೊಡನೆ ಉರಿಯಬಲ್ಲ ಸೋಡಿಯಂನಂತಹ ವಸ್ತುಗಳನ್ನು ನೆರೆಯ ನೀರು ಮುಟ್ಟದ ಎತ್ತರದಲ್ಲಿ ಇರಿಸಬೇಕು. ಜನರೇಟರು ಹಾಗೂ ಮುಖ್ಯ ದಾಖಲೆಗಳಿಗೂ ಇದೇ ನಿಯಮ. ನೆಲಮಾಳಿಗೆಯನ್ನು ಓದುವ ಕೊಠಡಿಯಾಗಿ ಬಳಸಲೇಬಾರದು. 2024ರ ಜುಲೈ 27ರಂದು ದೆಹಲಿಯ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆಯ ನೀರು ನುಗ್ಗಿ ಮೂವರು ಯುವ ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು.

ಹೊಣೆಗಾರಿಕೆಯ ಹಂಚಿಕೆ

2005ರ ವಿಪತ್ತು ನಿರ್ವಹಣಾ ಅಧಿನಿಯಮವು ರಾಷ್ಟ್ರ, ರಾಜ್ಯ ಹಾಗೂ ಜಿಲ್ಲಾ ಮಟ್ಟದ ಪ್ರಾಧಿಕಾರಗಳ ರಚನೆಗೆ ಅವಕಾಶ ಕಲ್ಪಿಸಿದೆ. ವಿಶ್ವವಿದ್ಯಾನಿಲಯದ ಯೋಜನೆಯು ಜಿಲ್ಲಾ ಯೋಜನೆಯೊಡನೆ ಹೊಂದಿಕೊಂಡಿರಬೇಕು. ಕುಲಪತಿಗಳ ಅಧ್ಯಕ್ಷತೆಯ ಸಮಿತಿಯಲ್ಲಿ ಕುಲಸಚಿವರು, ಎಂಜಿನಿಯರು, ವೈದ್ಯಾಧಿಕಾರಿ, ನಿಲಯಪಾಲಕರು, ಭದ್ರತಾ ಸಿಬ್ಬಂದಿ, ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗಳು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳು ಇರುವುದು ಉಚಿತ. ಪ್ರತಿಯೊಬ್ಬರಿಗೂ ಒಬ್ಬ ಬದಲಿ ವ್ಯಕ್ತಿಯನ್ನು ಮೊದಲೇ ನೇಮಿಸಿರಬೇಕು. ಏಕೆಂದರೆ ವಿಪತ್ತಿನ ಗಳಿಗೆಯಲ್ಲಿ ಹೊಣೆ ಹೊತ್ತವರು ಊರಿನಲ್ಲಿಯೇ ಇಲ್ಲದಿರಬಹುದು.

ರಾತ್ರಿ ಬೀಗ ಹಾಕುವ ವಿದ್ಯಾರ್ಥಿನಿಲಯಗಳಲ್ಲಿ, ವಿಶೇಷವಾಗಿ ವಿದ್ಯಾರ್ಥಿನಿಯರ ನಿಲಯಗಳಲ್ಲಿ, ಕೀಲಿಕೈ ಯಾರ ಬಳಿ ಇದೆಯೆಂಬುದು ಎಲ್ಲರಿಗೂ ತಿಳಿದಿರಬೇಕು. ಒಳಗಿನಿಂದ ತೆರೆಯಬಹುದಾದ ಎರಡನೆಯ ದಾರಿಯೂ ಇರಬೇಕು. ಅಂಗವಿಕಲ ವಿದ್ಯಾರ್ಥಿಗಳಿಗೆ ನೆರವಾಗುವ ಸಹಪಾಠಿಗಳನ್ನು ಮುಂಚಿತವಾಗಿಯೇ ಗೊತ್ತುಪಡಿಸಬೇಕು. ಪರರಾಜ್ಯಗಳಿಂದ ಬಂದ ಮಕ್ಕಳಿಗೆ ಸ್ಥಳೀಯ ಭಾಷೆ ಬಾರದಿರುವುದು ಸಹಜ. ಆದುದರಿಂದ ಸೂಚನಾಫಲಕಗಳಲ್ಲಿ ಚಿತ್ರಗಳೂ ಇರಬೇಕು.

ಅಭ್ಯಾಸವೇ ರಕ್ಷೆ

ಹೊಸ ವಿದ್ಯಾರ್ಥಿಗಳ ಪ್ರವೇಶವಾದ ಕೆಲವೇ ವಾರಗಳಲ್ಲಿ ಅಣಕು ಕಾರ್ಯಾಚರಣೆಯನ್ನು ನಡೆಸಬೇಕು. ವರ್ಷದಲ್ಲಿ ಒಮ್ಮೆಯಾದರೂ ಅದು ರಾತ್ರಿಯ ವೇಳೆ ನಡೆಯಬೇಕು. ಭೂಮಿ ನಡುಗುವಾಗ ಗಟ್ಟಿಯಾದ ಮೇಜಿನ ಅಡಿಯಲ್ಲಿ ಕುಳಿತು ತಲೆಯನ್ನು ರಕ್ಷಿಸಿಕೊಳ್ಳುವುದು, ಕಂಪನ ನಿಂತ ನಂತರ ಲಿಫ್ಟ್ ಬಳಸದೆ ಮೆಟ್ಟಿಲಿಳಿದು ಬಯಲಿಗೆ ಬರುವುದು, ಅಲ್ಲಿ ಹಾಜರಿ ತೆಗೆದು ಯಾರು ಬಂದಿಲ್ಲವೆಂದು ತಿಳಿಯುವುದು, ಇವೆಲ್ಲ ಅಭ್ಯಾಸದಿಂದ ಮಾತ್ರ ರೂಢಿಯಾಗುತ್ತವೆ. ತುರ್ತು ನೆರವಿನ ದೂರವಾಣಿ ಸಂಖ್ಯೆ 112 ಎಂಬುದು ಪ್ರತಿಯೊಬ್ಬರಿಗೂ ನೆನಪಿರಬೇಕು.

ದೂರದ ಊರಿನ ತಂದೆತಾಯಿಗಳು ಮಕ್ಕಳನ್ನು ವಿಶ್ವವಿದ್ಯಾನಿಲಯದ ಭರವಸೆಯ ಮೇಲೆ ಕಳುಹಿಸಿರುತ್ತಾರೆ. ಕಪಾಟಿನಲ್ಲಿರುವ ಯೋಜನೆಯು ಆ ಭರವಸೆಯನ್ನು ಉಳಿಸಲಾರದು. ತಮ್ಮ ಮಕ್ಕಳ ನಿಲಯದಲ್ಲಿ ಈ ವರ್ಷ ಅಣಕು ಕಾರ್ಯಾಚರಣೆ ನಡೆದಿದೆಯೇ ಎಂದು ಕೇಳಿ ತಿಳಿಯುವುದು ಪ್ರತಿಯೊಬ್ಬ ಪೋಷಕರ ಹಕ್ಕೂ ಹೌದು, ಕರ್ತವ್ಯವೂ ಹೌದು.